ಗ್ರಂಥಪಾಲಕರ ಪಾಠಶಾಲೆ

ಕಾಲೇಜಿನಲ್ಲಿ ಅಧ್ಯಾಪಕನಿಗೆ ದೊರೆಯುವ ಗೌರವದ ಅರ್ಧಭಾಗವೂ ಗ್ರಂಥಪಾಲಕನಿಗೆ ದೊರೆಯುವುದಿಲ್ಲ. ಪುಸ್ತಕವನ್ನು ತೆಗೆದುಕೊಡುವುದಕ್ಕೂ ಮರಳಿ ಇಡುವುದಕ್ಕೂ ವಿದ್ಯೆಯೇಕೆ ಎಂದು ಕೇಳುವವರು ಇಂದಿಗೂ ಇದ್ದಾರೆ. ಕನ್ನಡ ಪಾಠ ಹೇಳುತ್ತ ಬಾಳನ್ನು ಸವೆಸಿದ ನಾನು ಈ ಮಾತನ್ನು ಒಪ್ಪಲಾರೆ. ಹಳೆಯ ಪತ್ರಿಕೆಯ ಒಂದು ಸಂಚಿಕೆಗಾಗಿ, ಪ್ರತಿಗಳು ಮುಗಿದುಹೋದ ಒಂದು ಕಾವ್ಯಕ್ಕಾಗಿ ಗ್ರಂಥಪಾಲಕರ ಮೊರೆಹೊಕ್ಕ ದಿನಗಳಿಗೆ ಲೆಕ್ಕವಿಲ್ಲ. ಅವರು ತೋರಿದ ದಾರಿಯ ಹಿಂದೆ ಕಲಿತು ಗಳಿಸಿದ ವಿದ್ಯೆಯಿತ್ತು. ಆ ವಿದ್ಯೆಗೂ ಒಂದು ಚರಿತ್ರೆಯುಂಟು. ಅದರ ತುಂಬ ಬಾಗಿಲು ತೆರೆದ ಕಥೆಗಳೇ ಇವೆ.

1887ರಲ್ಲಿ ಮೆಲ್ವಿಲ್ ಡ್ಯೂಯಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಗ್ರಂಥಪಾಲಕರಿಗಾಗಿ ಶಾಲೆ ತೆರೆದ. ಮೊದಲ ತಂಡದ 20 ಮಂದಿಯಲ್ಲಿ 17 ಮಂದಿ ಹೆಂಗಸರು. ಕಾಲೇಜಿನ ಧರ್ಮದರ್ಶಿಗಳಿಗೆ ಇದು ಸಹನೆಯಾಗಲಿಲ್ಲ. ತರಗತಿಯ ಕೋಣೆಗಳನ್ನು ಕೊಡಲೊಲ್ಲೆವೆಂದರು. ಡ್ಯೂಯಿ ಬಳಕೆಯಲ್ಲಿರದ ಉಗ್ರಾಣವೊಂದನ್ನು ಸಿದ್ಧಪಡಿಸಿ ಅಲ್ಲಿಯೇ ಪಾಠ ಆರಂಭಿಸಿದ. ಎರಡೇ ವರ್ಷಗಳಲ್ಲಿ ಶಾಲೆ ಆಲ್ಬನಿಗೆ ಹೋಯಿತು. ಕಲಿಯಬಂದವರನ್ನು ಹೊರಗಿಡುವ ಬುದ್ಧಿಯೂ, ಅವರಿಗೆ ಹೇಗಾದರೂ ಎಡೆಮಾಡಿಕೊಡುವ ಛಲವೂ ಈ ವಿದ್ಯೆಯ ಹುಟ್ಟಿನಲ್ಲಿಯೇ ಎದುರುಬದುರಾದವು.

ಅಮೆರಿಕದ ಗ್ರಂಥಾಲಯಗಳನ್ನು ಕಣ್ಣಾರೆ ಕಂಡ ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರು ಅಲ್ಲಿಂದ ಡಬ್ಲ್ಯು. ಎ. ಬೋರ್ಡನ್ ಎಂಬವರನ್ನು ಕರೆಸಿಕೊಂಡರು. 1911ರಲ್ಲಿ ಬರೋಡದಲ್ಲಿ ತರಬೇತಿ ಆರಂಭವಾಯಿತು. 1915ರಲ್ಲಿ ಡ್ಯೂಯಿಯ ಶಿಷ್ಯ ಡಿಕಿನ್‌ಸನ್ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದ.

ಆದರೆ ಈ ವಿದ್ಯೆಗೆ ನಮ್ಮ ನೆಲದ ಗುರು ದೊರೆತದ್ದು ಮದರಾಸಿನಲ್ಲಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಕೆಲವೇ ದಿನಗಳಲ್ಲಿ ಅಲ್ಲಿನ ಏಕಾಂತ ಅವರಿಗೆ ಬೇಸರ ತಂದಿತು; ತರಗತಿಗೆ ಮರಳುವ ಆಸೆ ಮೂಡಿತು. ಮೊದಲು ಇಂಗ್ಲೆಂಡಿಗೆ ಹೋಗಿ ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂಬ ಉತ್ತರ ಬಂದಿತು. ಲಂಡನ್ನಿನಲ್ಲಿ ಕಲಿತು, ಅನೇಕ ಗ್ರಂಥಾಲಯಗಳನ್ನು ಸುತ್ತಿ ನೋಡಿ ಬಂದವರು ಮತ್ತೆ ಗಣಿತದ ಪಾಠಕ್ಕೆ ಮರಳಲಿಲ್ಲ. 1929ರಲ್ಲಿ ಮದರಾಸಿನಲ್ಲಿ ಬೇಸಗೆಯ ಶಾಲೆ ಏರ್ಪಟ್ಟಿತು. ದುಡಿಯುವವರಿಗೆ ಬಿಡುವು ದೊರೆಯುವುದು ಬೇಸಗೆಯಲ್ಲಿ ತಾನೆ! 1931ರಲ್ಲಿ ಬಂದ ಅವರ ಐದು ಸೂತ್ರಗಳ ಕೊನೆಯದು ಗ್ರಂಥಾಲಯವನ್ನು ಬೆಳೆಯುವ ಜೀವಿಯೆಂದು ಕಾಣುತ್ತದೆ. ಗ್ರಂಥಾಲಯ ಬೆಳೆಯುತ್ತಿರುವಾಗ ಗ್ರಂಥಪಾಲಕ ಮಾತ್ರ ನಿಂತಲ್ಲಿಯೇ ನಿಂತಿರುವುದು ಹೇಗೆ?

ಅವರ ಕೊನೆಯ ವರ್ಷಗಳು ನಮ್ಮ ಬೆಂಗಳೂರಿಗೆ ಸಂದವು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ 1962ರಲ್ಲಿ ಅವರು ಅಲ್ಲಿ ಪ್ರಲೇಖನ ಸಂಶೋಧನ ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಹುಟ್ಟಿ, ಪುನಶ್ಚೇತನ ಶಿಬಿರಗಳು ವಾಡಿಕೆಗೆ ಬಂದವು. ಶಿಬಿರಕ್ಕೆ ಹೋಗಬೇಕಾದರೆ ವಾರಗಟ್ಟಲೆ ಊರು ಬಿಡಬೇಕು, ಪ್ರಾಂಶುಪಾಲರು ಒಪ್ಪಬೇಕು, ಮನೆಯವರೂ ಒಪ್ಪಬೇಕು. ಒಬ್ಬರೇ ಗ್ರಂಥಪಾಲಕರಿರುವ ಕಾಲೇಜಿನಲ್ಲಿ ಅವರು ಹೊರಟರೆ ಗ್ರಂಥಾಲಯಕ್ಕೇ ಬೀಗ ಬೀಳುವುದು. ಮನೆವಾರ್ತೆ ಹೊತ್ತ ಹೆಣ್ಣುಮಕ್ಕಳ ಪಾಡನ್ನು ಬೇರೆ ಹೇಳಬೇಕಾಗಿಲ್ಲ. ಡ್ಯೂಯಿಯ ಕಾಲದ ನಿಷೇಧ ಈಗ ಬಾಯಿಬಿಟ್ಟು ಮಾತಾಡುವುದಿಲ್ಲ, ಅಷ್ಟೆ.

2020ರಲ್ಲಿ ಕೋವಿಡ್ ಕಾಲೇಜುಗಳ ಬಾಗಿಲು ಹಾಕಿಸಿದಾಗ ವಿಚಿತ್ರವಾದ ಒಂದು ಬಾಗಿಲು ತೆರೆಯಿತು. ವೆಬಿನಾರ್ ಎಂಬ ಮಾತು ಮನೆಮಾತಾಯಿತು. ದೂರದ ಊರಿನ ತಜ್ಞರು ಮೊಬೈಲಿನ ಪರದೆಯ ಮೇಲೆ ಉಪನ್ಯಾಸ ನೀಡುವರು. ಸಣ್ಣ ತಾಲ್ಲೂಕಿನ ಗ್ರಂಥಪಾಲಕಿ ತನ್ನ ಮನೆಯಲ್ಲಿಯೇ ಕುಳಿತು ಕೇಳುವಳು. ಕೊಹಾ ಎಂಬ ಉಚಿತ ತಂತ್ರಾಂಶದಲ್ಲಿ ಗ್ರಂಥಸೂಚಿ ಮಾಡುವುದು ಹೇಗೆ, ಶೋಧಗಂಗೆಯಲ್ಲಿ ಸಂಶೋಧನ ಪ್ರಬಂಧಗಳನ್ನು ಹುಡುಕುವುದು ಹೇಗೆ, ಕೃತಿಚೌರ್ಯವನ್ನು ಪತ್ತೆಹಚ್ಚುವುದು ಹೇಗೆ ಎಂಬ ಪಾಠಗಳು ಪ್ರಯಾಣದ ಖರ್ಚಿಲ್ಲದೆ ಅವಳ ಕೈಗೆ ಎಟುಕಿದವು. ಇದನ್ನು ನಾನು ಸಣ್ಣ ಸಂಗತಿಯೆಂದು ಎಣಿಸಲಾರೆ.

ಇದರ ಕುಂದುಗಳೂ ಕಣ್ಣಿಗೆ ಬೀಳದೆ ಇಲ್ಲ. ಬಡ್ತಿಗೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ಹೆಸರು ನೋಂದಾಯಿಸಿದರೆ ಸಾಕು ಎಂಬಲ್ಲಿಗೆ ಕೆಲವೆಡೆ ವ್ಯವಹಾರ ಇಳಿದಿದೆ. ಶಿಬಿರದಲ್ಲಿ ಚಹದ ಹೊತ್ತಿಗೆ ನಡೆಯುತ್ತಿದ್ದ ಮಾತುಕತೆ ಪರದೆಯಲ್ಲಿ ನಡೆಯದು. ಅಲ್ಲದೆ ನಾನು ಬಲ್ಲ ಮಟ್ಟಿಗೆ ಈ ಉಪನ್ಯಾಸಗಳು ಹೆಚ್ಚಾಗಿ ಇಂಗ್ಲಿಷಿನವು. ಕನ್ನಡ ಪುಸ್ತಕಗಳ ನಡುವೆ ದುಡಿಯುವವರಿಗೆ ಕನ್ನಡದಲ್ಲಿ ಪಾಠ ಸಿಕ್ಕರೆ ತಪ್ಪೇನು?

ಪರಿಹಾರ ದೊಡ್ಡದೇನಲ್ಲ. ಕಾಲೇಜು ತನ್ನ ಗ್ರಂಥಪಾಲಕರಿಗೆ ಕಲಿಯುವ ಆ ಒಂದು ಗಂಟೆಯನ್ನು ಕೆಲಸದ ಹೊತ್ತಿನಲ್ಲಿಯೇ ಬಿಟ್ಟುಕೊಡಲಿ. ಆಮೇಲೆ ಕೇಳಬೇಕಾದ ಪ್ರಶ್ನೆ, ಪ್ರಮಾಣಪತ್ರ ಎಲ್ಲಿ ಎಂಬುದಲ್ಲ. ಕಲಿತದ್ದು ಯಾವ ಓದುಗನಿಗೆ ಒದಗಿತು ಎಂಬುದು. ಡ್ಯೂಯಿಯ ಉಗ್ರಾಣವಾಗಲಿ, ಮದರಾಸಿನ ಬೇಸಗೆಶಾಲೆಯಾಗಲಿ, ಇಂದಿನ ಪರದೆಯಾಗಲಿ ಕೊನೆಗೆ ಒರೆಗೆ ಬೀಳುವುದು ಪುಸ್ತಕ ಕೇಳಿ ಬಂದ ವಿದ್ಯಾರ್ಥಿಯ ಎದುರಿನಲ್ಲಿ.