ಕ್ಯಾಂಪಸ್ಸಿನಲ್ಲಿ ನಾಯಿ: ಯಾವುದಕ್ಕೆ ಹಕ್ಕು, ಯಾವುದಕ್ಕೆ ಬರೀ ಅನುಮತಿ?

ಆದೋನಿ, ರಾಯದುರ್ಗ, ಪಶ್ಚಿಮ ತೆಲಂಗಾಣದ ಕಡೆಯಿಂದ ಎಂ.ಎಸ್. ಓದಲು ಅಮೆರಿಕಕ್ಕೆ ಹೋಗುವ ಮಕ್ಕಳು ಈಗ ಅಪರೂಪವೇನಲ್ಲ. ಅಲ್ಲಿನ ವಿಶ್ವವಿದ್ಯಾಲಯಗಳ ಹಾಸ್ಟೆಲ್ ನಿಯಮಗಳಲ್ಲಿ ಬಾಡಿಗೆ, ಅಡುಗೆ, ಅತಿಥಿಗಳ ವಿಚಾರ ಮುಗಿದ ಮೇಲೆ ಪ್ರಾಣಿಗಳ ಬಗ್ಗೆಯೂ ಒಂದು ಅಧ್ಯಾಯವಿರುತ್ತದೆ. ಊರಿನಲ್ಲಿರುವ ಹಿರಿಯರಿಗೆ ಇದು ತಮಾಷೆಯಾಗಿ ಕಂಡೀತು. ಆದರೆ ಕಣ್ಣು ಕಾಣದ, ಮೂರ್ಛೆರೋಗವಿರುವ ಅಥವಾ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ವಿದ್ಯಾರ್ಥಿಯ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದು ಈ ಅಧ್ಯಾಯದ ಮೇಲೆಯೇ ನಿಂತಿರಬಹುದು.

ಅಲ್ಲಿನ ಕಾನೂನು ಪ್ರಾಣಿಗಳನ್ನು ಮೂರು ಬಗೆಯಾಗಿ ನೋಡುತ್ತದೆ. ಮೊದಲನೆಯದು ಬರೀ ಸಾಕುಪ್ರಾಣಿ. ಎರಡನೆಯದು ಸರ್ವಿಸ್ ಅನಿಮಲ್, ಅಂದರೆ ಅಂಗವೈಕಲ್ಯವಿರುವವರಿಗಾಗಿ ಕೆಲಸ ಕಲಿತ ಸೇವಾ ನಾಯಿ. ಮೂರನೆಯದು ಎಮೋಷನಲ್ ಸಪೋರ್ಟ್ ಅನಿಮಲ್, ಅಂದರೆ ಜೊತೆಗಿದ್ದೇ ಮನಸ್ಸಿಗೆ ಆಸರೆಯಾಗುವ ಪ್ರಾಣಿ. ನೋಡಲು ಮೂರೂ ಒಂದೇ ನಾಯಿಯಾಗಿರಬಹುದು. ಹಕ್ಕು ಮಾತ್ರ ಬೇರೆ ಬೇರೆ. ಗೊಂದಲವೆಲ್ಲ ಹುಟ್ಟುವುದು ಇಲ್ಲಿಯೇ.

ಸಾಕುಪ್ರಾಣಿಯ ಮಟ್ಟಿಗೆ ಕಾಲೇಜಿನ ಮಾತೇ ಅಂತಿಮ. ಬಹುತೇಕ ಹಾಸ್ಟೆಲ್‌ಗಳಲ್ಲಿ ಗಾಜಿನ ತೊಟ್ಟಿಯ ಮೀನು ಬಿಟ್ಟರೆ ಬೇರೆ ಜೀವಿಗೆ ಪ್ರವೇಶವಿಲ್ಲ. ಫ್ಲೋರಿಡಾದ ಎಕರ್ಡ್ ಕಾಲೇಜಿನಂಥ ಕೆಲವು ಕಡೆ ಉದಾರತೆ ಉಂಟು. ಅಲ್ಲಿ 1973ರಿಂದಲೇ ವಿದ್ಯಾರ್ಥಿಗಳು ಪ್ರಾಣಿ ಸಾಕಬಹುದು, ಓದು ಮುಗಿದಾಗ ಪ್ರಾಣಿಗಳಿಗೂ ಒಂದು ಘಟಿಕೋತ್ಸವ! ಎಂ.ಐ.ಟಿ.ಯ ಕೆಲವು ಹಾಸ್ಟೆಲ್‌ಗಳಲ್ಲಿ ಬೆಕ್ಕಿಗೆಂದೇ ಬಿಟ್ಟ ಭಾಗಗಳಿವೆ. (ಇಂಥ ನಿಯಮಗಳ ಜೊತೆ ವಿದ್ಯಾರ್ಥಿಗಳ ಜಗ್ಗಾಟ ಹಳೆಯದು. 1807ರ ಸುಮಾರಿಗೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕವಿ ಬೈರನ್ ಕರಡಿಯನ್ನೇ ಸಾಕಿದ್ದ. ನಾಯಿ ಬೇಡವೆಂದ ಕಾಲೇಜು ಕರಡಿ ಬೇಡವೆಂದು ಬರೆದಿರಲಿಲ್ಲ ಎನ್ನುವುದು ಅದರ ಹಿಂದಿನ ದಂತಕಥೆ.)

ಸೇವಾ ನಾಯಿಯ ಮಾತು ಬೇರೆ. ಅದು ಯಾರ ಕೃಪೆಯಿಂದಲೂ ಒಳಗೆ ಬರುವುದಲ್ಲ. 1990ರ ಅಮೆರಿಕನ್ಸ್ ವಿತ್ ಡಿಸೆಬಿಲಿಟೀಸ್ ಆಕ್ಟ್, ಚಿಕ್ಕದಾಗಿ ಎ.ಡಿ.ಎ., ಅದಕ್ಕೆ ದಾರಿ ಬಿಡಿಸುತ್ತದೆ. 2011ರ ಮಾರ್ಚ್‌ನಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಸೇವಾ ಪ್ರಾಣಿ ಎಂದರೆ ನಾಯಿ ಮಾತ್ರ. ತರಬೇತಾದ ಗಿಡ್ಡ ತಳಿಯ ಕುದುರೆಗೂ ಪ್ರತ್ಯೇಕ ಕಲಮಿನಲ್ಲಿ ಜಾಗವಿದೆ. ಬೆಕ್ಕು, ಗಿಳಿ, ಮಂಗಕ್ಕೆ ಇಲ್ಲ. ನಾಯಿ ಒಂದು ನಿರ್ದಿಷ್ಟ ಕೆಲಸ ಕಲಿತಿರಬೇಕು: ಕುರುಡರಿಗೆ ದಾರಿ ತೋರಿಸುವುದು, ಕಿವುಡರಿಗೆ ಗಂಟೆಯ ಸದ್ದು ತಿಳಿಸುವುದು, ಮೂರ್ಛೆ ಬಂದಾಗ ಕಾಪಾಡುವುದು, ಗಾಲಿಕುರ್ಚಿ ಎಳೆಯುವುದು. ಬಳಿಯಲ್ಲಿ ಕುಳಿತು ಸಮಾಧಾನ ಕೊಡುವುದು ಈ ಕಾಯಿದೆಯ ದೃಷ್ಟಿಯಲ್ಲಿ ಕೆಲಸವಲ್ಲ.

ಬಾಗಿಲಲ್ಲಿ ನಿಂತ ಸಿಬ್ಬಂದಿ ಕೇಳಬಹುದಾದ ಪ್ರಶ್ನೆಗಳು ಎರಡೇ. ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾಗಿದೆಯೇ? ಅದು ಯಾವ ಕೆಲಸ ಕಲಿತಿದೆ? ಕಾಯಿಲೆ ಏನು ಎಂದು ಕೇಳುವಂತಿಲ್ಲ, ಕಾಗದ ತೋರಿಸು ಎನ್ನುವಂತಿಲ್ಲ, ನಾಯಿಯಿಂದ ಮಾಡಿಸಿ ತೋರಿಸು ಎನ್ನುವಂತೆಯೂ ಇಲ್ಲ. ಕೆಲಸ ಕಣ್ಣಿಗೆ ಕಾಣುವಂತಿದ್ದರೆ ಈ ಎರಡು ಪ್ರಶ್ನೆಗೂ ಅವಕಾಶವಿಲ್ಲ. ಹೆಚ್ಚುವರಿ ಶುಲ್ಕವೂ ಇಲ್ಲ. ನಾಯಿ ಏನಾದರೂ ಹಾಳುಮಾಡಿದರೆ ಮಾತ್ರ ಎಲ್ಲರಂತೆ ದಂಡ ತೆರಬೇಕು.

ತರಗತಿ, ಗ್ರಂಥಾಲಯ, ಊಟದ ಹಾಲ್ ಎಲ್ಲೆಡೆಗೂ ಈ ನಾಯಿ ಹೋಗಬಹುದು. ಅಪಾಯಕಾರಿ ರಾಸಾಯನಿಕಗಳಿರುವ ಪ್ರಯೋಗಾಲಯ, ಸೋಂಕು ತಗಲಬಾರದ ಕೊಠಡಿಗಳಂಥ ಕಡೆ ತಡೆಯಲು ಕಾರಣವಿರಬಹುದು. ಪಕ್ಕದವನಿಗೆ ನಾಯಿ ಕಂಡರೆ ಭಯ, ಕೂದಲಿನಿಂದ ಅಲರ್ಜಿ ಎಂಬ ನೆಪ ನಡೆಯುವುದಿಲ್ಲ. ಇಬ್ಬರನ್ನೂ ದೂರದೂರ ಕೂರಿಸುವುದು, ಬೇರೆ ಕೋಣೆ ಕೊಡುವುದು ಸಂಸ್ಥೆಯ ಕೆಲಸ. ಆದರೆ ನಾಯಿ ಹತೋಟಿ ತಪ್ಪಿ, ಒಡೆಯ ಅದನ್ನು ಸುಮ್ಮನಿರಿಸದಿದ್ದರೆ, ಅಥವಾ ಒಳಗೇ ಗಲೀಜು ಮಾಡಿದರೆ ಹೊರಗೆ ಕಳಿಸಬಹುದು. ಆಗಲೂ ವಿದ್ಯಾರ್ಥಿಯನ್ನು ಹೊರಗಿಡುವಂತಿಲ್ಲ.

ತಕರಾರು ಹೆಚ್ಚಾಗಿರುವುದು ಮೂರನೆಯ ಬಗೆಯಲ್ಲಿ. ಖಿನ್ನತೆ, ಆತಂಕದಿಂದ ನರಳುವ ವಿದ್ಯಾರ್ಥಿಗೆ ನಾಯಿಯೋ ಬೆಕ್ಕೋ ಜೊತೆಗಿದ್ದರೆ ಒಳ್ಳೆಯದೆಂದು ಚಿಕಿತ್ಸೆ ಕೊಡುವವರು ಹೇಳುತ್ತಾರೆ. ಎ.ಡಿ.ಎ. ಇದಕ್ಕೆ ನೆರವಾಗುವುದಿಲ್ಲ. ನೆರವಾದದ್ದು ವಸತಿಗೆ ಸಂಬಂಧಿಸಿದ ಫೇರ್ ಹೌಸಿಂಗ್ ಆಕ್ಟ್. 1968ರ ಈ ಕಾಯಿದೆಗೆ ಅಂಗವೈಕಲ್ಯ ಸೇರಿದ್ದು 1988ರಲ್ಲಿ. ಆದರೆ ಹಾಸ್ಟೆಲ್ ಎಂದರೆ ಮನೆಯೇ? ಈ ಪ್ರಶ್ನೆ ಕೋರ್ಟಿಗೆ ಹೋಯಿತು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕಿಯರ್ನಿ ಕ್ಯಾಂಪಸ್ಸಿನಲ್ಲಿ ಖಿನ್ನತೆ, ಆತಂಕವಿದ್ದ ವಿದ್ಯಾರ್ಥಿನಿಯೊಬ್ಬಳು ಪುಟ್ಟ ನಾಯಿಯೊಂದನ್ನು ಇಟ್ಟುಕೊಳ್ಳಲು ಕೇಳಿದಾಗ ಒಪ್ಪಿಗೆ ಸಿಗಲಿಲ್ಲ. ಕೇಂದ್ರ ಸರ್ಕಾರವೇ 2011ರಲ್ಲಿ ಮೊಕದ್ದಮೆ ಹೂಡಿತು. ವಿದ್ಯಾರ್ಥಿಗಳು ಅಲ್ಲಿ ಪ್ರಯಾಣಿಕರಂತೆ ತಂಗುವುದಿಲ್ಲ, ವಾಸ ಮಾಡುತ್ತಾರೆ, ಆದ್ದರಿಂದ ಅದೂ ವಾಸದ ಮನೆಯೇ ಎಂದು 2013ರಲ್ಲಿ ಜಿಲ್ಲಾ ನ್ಯಾಯಾಲಯ ತೀರ್ಪು ಕೊಟ್ಟಿತು. 2015ರಲ್ಲಿ 1,40,000 ಡಾಲರ್ ಕೊಟ್ಟು ವಿಶ್ವವಿದ್ಯಾಲಯ ರಾಜಿಯಾಯಿತು. ಅಲ್ಲಿಂದ ಮುಂದೆ ಬಹಳಷ್ಟು ಕಾಲೇಜುಗಳು ನಿಯಮ ತಿದ್ದಿಕೊಂಡವು.

ಹಾಗಿದ್ದರೂ ಈ ಹಕ್ಕು ಕೋಣೆಯ ಹೊಸ್ತಿಲಿಗೇ ಮುಗಿಯುತ್ತದೆ. ಆಸರೆಯ ಪ್ರಾಣಿಯನ್ನು ತರಗತಿಗೆ ಒಯ್ಯುವಂತಿಲ್ಲ. ತರುವ ಮೊದಲೇ ಕಾಲೇಜಿನ ಡಿಸೆಬಿಲಿಟಿ ಕಚೇರಿಗೆ ಅರ್ಜಿ ಹಾಕಿ, ಚಿಕಿತ್ಸೆ ಕೊಡುವವರ ಪತ್ರ ಕೊಟ್ಟು, ಒಪ್ಪಿಗೆ ಬರುವವರೆಗೆ ಕಾಯಬೇಕು. ಮೊದಲು ತಂದು ಆಮೇಲೆ ಕೇಳೋಣ ಎಂದವರು ತೊಂದರೆಗೆ ಸಿಕ್ಕುತ್ತಾರೆ. ಇನ್ನೊಂದು ಮಾತು: ವಸತಿ ಇಲಾಖೆ 2020ರಲ್ಲಿ ಕೊಟ್ಟಿದ್ದ ಮಾರ್ಗಸೂಚಿಯನ್ನು 2025ರಲ್ಲಿ ಹಿಂತೆಗೆದುಕೊಂಡಿದೆ. ಆದ್ದರಿಂದ ಹಿರಿಯ ವಿದ್ಯಾರ್ಥಿಗಳು ಹೇಳಿದ್ದನ್ನು ನಂಬಿ ಕೂರದೆ, ಸೇರುವ ವರ್ಷದ ನಿಯಮವನ್ನೇ ಓದಬೇಕು.

ಹಣ ಕೊಟ್ಟರೆ ಅಂತರಜಾಲದಲ್ಲಿ ಪ್ರಾಣಿಗೆ ನೋಂದಣಿ ಪತ್ರ, ಗುರುತಿನ ಚೀಟಿ, ಕೆಂಪು ಅಂಗಿ ಎಲ್ಲ ಸಿಗುತ್ತವೆ. ಇವಕ್ಕೆ ಕಾನೂನಿನ ಬೆಲೆ ಕಾಸಿನಷ್ಟೂ ಇಲ್ಲ. ಸೇವಾ ನಾಯಿಗೆ ಸರ್ಕಾರಿ ನೋಂದಣಿ ಎಂಬುದೇ ಅಲ್ಲಿಲ್ಲ. ಇಂಥ ಕಾಗದಗಳಿಂದ ನಿಜವಾಗಿ ನಷ್ಟವಾಗುವುದು ಕಣ್ಣಿಲ್ಲದ ಹುಡುಗನಿಗೆ. ನಾಲ್ಕು ಸುಳ್ಳು ನಾಯಿ ಕಂಡ ಕಾವಲುಗಾರ ಐದನೆಯ ನಿಜವಾದ ನಾಯಿಯನ್ನೂ ಅನುಮಾನಿಸುತ್ತಾನೆ. ವಿಮಾನದಲ್ಲಿ ಆದದ್ದೂ ಇದೇ. 2018ರಲ್ಲಿ ನ್ಯೂವಾರ್ಕ್ ನಿಲ್ದಾಣಕ್ಕೆ ಒಬ್ಬರು ಆಸರೆಯ ಪ್ರಾಣಿಯೆಂದು ನವಿಲನ್ನೇ ತಂದಿದ್ದರು. 2021ರ ಜನವರಿಯಿಂದ ಆಸರೆಯ ಪ್ರಾಣಿಗಳನ್ನು ಸೇವಾ ನಾಯಿಗೆ ಸಮನಾಗಿ ನೋಡುವ ಕಟ್ಟುಪಾಡು ವಿಮಾನ ಸಂಸ್ಥೆಗಳಿಗಿಲ್ಲ.

ಊರಿನ ನಾಯಿಯನ್ನೇ ಒಯ್ಯುವ ಆಸೆಯಿದ್ದರೆ ದಾರಿ ಇನ್ನೂ ಉದ್ದ. 2024ರ ಆಗಸ್ಟ್ 1ರಿಂದ ಅಮೆರಿಕಕ್ಕೆ ಬರುವ ನಾಯಿಗೆ ಕನಿಷ್ಠ ಆರು ತಿಂಗಳಾಗಿರಬೇಕು, ಮೈಯಲ್ಲಿ ಮೈಕ್ರೋಚಿಪ್ ಇರಬೇಕು. ಭಾರತ ಹುಚ್ಚುನಾಯಿ ರೋಗದ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿರುವುದರಿಂದ ಲಸಿಕೆಯ ದೃಢೀಕರಣ, ರಕ್ತಪರೀಕ್ಷೆ ಎಂದು ಕಾಗದಪತ್ರ ಬೆಳೆಯುತ್ತದೆ.

ನಮ್ಮ ದೇಶದ ಕ್ಯಾಂಪಸ್ಸುಗಳಲ್ಲಿ ಪ್ರಶ್ನೆಯೇ ಬೇರೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 16ನೇ ಕಲಮು ಪ್ರತಿ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲ ಒದಗಿಸಬೇಕೆಂದು ಹೇಳುತ್ತದೆ, ನಾಯಿಯ ಹೆಸರೆತ್ತುವುದಿಲ್ಲ. ಹಾಗಾಗಿ ದಾರಿ ತೋರುವ ನಾಯಿ ಬೇಕೆನ್ನುವವರು ಈ ಕಲಮನ್ನೇ ಆಧಾರವಾಗಿಟ್ಟುಕೊಂಡು ಬರವಣಿಗೆಯಲ್ಲಿ ಕೇಳಬೇಕಾಗುತ್ತದೆ. ಇಲ್ಲಿ ಕ್ಯಾಂಪಸ್ಸಿನಲ್ಲಿ ಕಾಣುವ ನಾಯಿ ಹೆಚ್ಚಾಗಿ ಯಾರದ್ದೂ ಅಲ್ಲದ ಬೀದಿನಾಯಿ. ಶಾಲೆ, ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣಗಳಿಗೆ ಬೇಲಿ, ಗೇಟು ಹಾಕಿಸಬೇಕು, ಒಳಗಿನ ಬೀದಿನಾಯಿಗಳನ್ನು ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿ ಆಶ್ರಯ ಕೇಂದ್ರಕ್ಕೆ ಸಾಗಿಸಬೇಕು, ಮತ್ತೆ ಅಲ್ಲೇ ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿತು. ಮೂರು ತಿಂಗಳಿಗೊಮ್ಮೆಯಾದರೂ ತಪಾಸಣೆ ನಡೆಸುವ ಹೊಣೆಯನ್ನು ಪುರಸಭೆಗಳ ಜೊತೆ ಗ್ರಾಮ ಪಂಚಾಯಿತಿಗಳಿಗೂ ಆ ಆದೇಶ ಹೊರಿಸಿತು.