ಕೊರವ ಗಾಳ: ಬೇಸಿಗೆಯ ಕೊನೆ, ಕೆಂಗೇರಿ–ಮಂಚನಬೆಲೆ ಸೀಮೆ

ಕೆರೆ ಮತ್ತು ಅಣೆಕಟ್ಟಿನ ಹಿನ್ನೀರಿನ ಜೊಂಡಿನಂಚಿನಲ್ಲಿ ಹೊಂಚುಹಾಕುವ ಕೊರವ ಮೀನನ್ನು ಕೋಲು, ದಾರದಿಂದ ಹಿಡಿಯುವ ಬಗೆ. ನಮ್ಮ ಬಯಲುಸೀಮೆಯ ಗಾಳದವರು ಕೊರವದ ಬೆನ್ನು ಹತ್ತುತ್ತಾರೆ. ಮುರ್ಲು ಎಂದೂ ಕರೆಯುವ ಇದು ಚನ್ನ ಕುಲಕ್ಕೆ ಸೇರಿದ್ದು. ಕೆರೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಚನ್ನ ಸ್ಟ್ರಿಯಾಟ. ದೊಡ್ಡ ಹಿನ್ನೀರು, ನದಿಮಡುಗಳ ಹೂಮುರ್ಲು, ಅಂದರೆ ಚನ್ನ ಮರೂಲಿಯಸ್, ಒಂದು ಮೀಟರಿಗೂ ಮೀರಿ ಬೆಳೆಯುತ್ತದೆ. ತೆಲಂಗಾಣ ಕೊರವವನ್ನು ತನ್ನ ರಾಜ್ಯಮೀನಾಗಿ ಆರಿಸಿಕೊಂಡಿದೆ.

ಕೆಂಗೇರಿ ಉಪನಗರದ ಮಗ್ಗುಲಲ್ಲೇ ವೃಷಭಾವತಿ ಹರಿದರೂ ಅದು ಗಾಳ ಹಾಕುವ ನೀರಲ್ಲ. ನಗರದ ಕೊಳಚೆ ಮತ್ತು ಕಾರ್ಖಾನೆ ತ್ಯಾಜ್ಯವನ್ನು ಹೊತ್ತು ಬಿಡದಿ ಬಳಿಯ ಬೈರಮಂಗಲ ಜಲಾಶಯ ಸೇರುವ ಈ ನದಿಯ ಮೀನನ್ನು ಊಟಕ್ಕೆ ಬಳಸಬಾರದು. ಈ ಸೀಮೆಯ ದೊಡ್ಡ ನೀರು ಪಶ್ಚಿಮಕ್ಕಿದೆ. ದೊಡ್ಡ ಆಲದ ಮರದ ದಾರಿಯಲ್ಲಿ ಮುಂದೆ ಹೋದರೆ ಸಾವನದುರ್ಗದ ಬಳಿ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ ಸಿಗುತ್ತದೆ. ಅದೇ ನದಿಯ ಮೇಲ್ಭಾಗದಲ್ಲಿ, ಕುಮುದ್ವತಿ ಕೂಡುವಲ್ಲಿ, 1930ರ ದಶಕದಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯವಿದೆ.

ಏಪ್ರಿಲ್, ಮೇ ತಿಂಗಳಲ್ಲಿ ಈ ನೀರಿನ ಸ್ವಭಾವವೇ ಬೇರೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪ 39.2 ಡಿಗ್ರಿ ಮುಟ್ಟಿತ್ತು. ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯ ನೀರು ಏಳೂವರೆ ಹಿಡಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಇನ್ನೂ ಒಂದು ಹತ್ತಂಶ ಇಳಿಯುತ್ತದೆ. ಪಾಚಿ, ಕಳೆಗಳು ಹಗಲು ಆಮ್ಲಜನಕ ಕೊಟ್ಟು ರಾತ್ರಿ ತಾವೇ ಅದನ್ನು ಬಳಸಿಕೊಳ್ಳುವುದರಿಂದ ಬೆಳಗಿನ ಜಾವ ಕಟ್ಲಾ, ರೋಹು ಮೀನುಗಳು ಮೇಲ್ಮೈಗೆ ಬಂದು ಏದುಸಿರು ಬಿಡುತ್ತವೆ. ಕೊಳಚೆಯೂ ಸೇರಿದರೆ ಸಾವು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ನಗರ ಮರೆತಿಲ್ಲ.

ಕೊರವಕ್ಕೆ ಈ ಕಷ್ಟವಿಲ್ಲ. ಕಿವಿರಿನ ಮೇಲ್ಭಾಗದಲ್ಲಿ ಗಾಳಿ ಉಸಿರಾಡುವ ಅಂಗವಿದ್ದು, ಕೊರವ ಆಗಾಗ ಮೇಲೆ ಬಂದು ಬಾಯ್ತುಂಬ ಗಾಳಿ ನುಂಗಿ ಇಳಿಯುತ್ತದೆ. ಉಳಿದ ಮೀನು ಸೊರಗಿದಾಗಲೂ ಅದು ಬೇಟೆಯಾಡಬಲ್ಲದು. ಬೇಸಿಗೆಯ ಕೊನೆ ಕೊರವ ಗಾಳಕ್ಕೆ ಸುಗ್ಗಿಯಾಗಿರುವುದು ಇದರಿಂದಲೇ. ಮೇಲೆ ಬಂದಾಗ ಏಳುವ ‘ಬುಳಕ್’ ಸದ್ದು ಮತ್ತು ಉಂಗುರವೇ ಗಾಳಗಾರನಿಗೆ ಸುಳಿವು. ಆ ಉಂಗುರದ ಮೇಲೆಯೇ ಎಸೆದರೆ ಮೀನು ಬೆಚ್ಚಿ ಓಡುತ್ತದೆ. ಮೂರ್ನಾಲ್ಕು ಮಾರು ಆಚೆ ಎಸೆದು ಅದರ ದಾರಿಗೆ ಎಳೆದು ತರಬೇಕು.

ಹಳೆಯ ಪದ್ಧತಿಯಲ್ಲಿ ಬಿದಿರ ಗಳ, ಬೆಂಡು, ಎರೆಹುಳು ಅಥವಾ ಜೀವಂತ ಕಪ್ಪೆ ಬಳಸುತ್ತಿದ್ದರು. ಇಂದು ರಬ್ಬರ್ ಕಪ್ಪೆಯೇ ಸಾಕು, ಜೀವಂತ ಕಪ್ಪೆಯನ್ನು ಕೊಲ್ಲಬೇಕಾದ ಕಾರಣ ಉಳಿದಿಲ್ಲ. ಇದರ ಕೊಕ್ಕೆಗಳು ಮೈಗೆ ಅಂಟಿ ಮೇಲ್ಮುಖವಾಗಿರುವುದರಿಂದ ತಾವರೆ ಎಲೆ, ಅಂತರಗಂಗೆಯ ಮೇಲೂ ಸಿಕ್ಕಿಕೊಳ್ಳದೆ ಜಾರುತ್ತದೆ. ಗಿಡದ ಅಂಚಿಗೆ ಬಂದಾಗ ಒಂದು ಕ್ಷಣ ನಿಲ್ಲಿಸಬೇಕು, ಏಟು ಬೀಳುವುದು ಹೆಚ್ಚಾಗಿ ಅಲ್ಲೇ. ನೀರು ಸಿಡಿದ ಕೂಡಲೇ ಕೋಲು ಎಳೆಯುವುದು ಹೊಸಬರ ಅವಸರ. ದಾರದಲ್ಲಿ ಭಾರ ತಿಳಿಯುವವರೆಗೆ ತಾಳಿ, ಆಮೇಲೆ ಬಲವಾಗಿ ಎಳೆದು ಮೀನನ್ನು ಜೊಂಡಿನಿಂದ ಹೊರತರಬೇಕು. ಅದಕ್ಕೆ ಹೆಣೆದ ಗಟ್ಟಿ ದಾರವೇ ಬೇಕು. ಹೊತ್ತು ಮೂಡುವಾಗಿನ ಮತ್ತು ಇಳಿಯುವಾಗಿನ ತಂಪು ಒಳ್ಳೆಯದು. ನಡುಹಗಲಲ್ಲಾದರೆ ದಟ್ಟ ಕಳೆಯ ನೆರಳು, ಬಂಡೆಯ ಮರೆ ಹುಡುಕಬೇಕು. ನೀರು ಇಳಿದಾಗ ಹೊರಬರುವ ಮರದ ಬುಡ, ಹಳೆಯ ನದಿಪಾತ್ರದ ದಡಗಳನ್ನು ಆಗಲೇ ಗುರುತಿಟ್ಟುಕೊಂಡರೆ ತುಂಬಿದ ಮೇಲೂ ನೆರವಾಗುತ್ತದೆ.

ಕೆರೆಗಳ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿದೆ. ಒಳನಾಡು ಮೀನುಗಾರಿಕೆಗೆ 1996ರ ರಾಜ್ಯ ಕಾಯ್ದೆ ಅನ್ವಯಿಸುತ್ತದೆ. ಅನುಮತಿ ಪಡೆಯದೆ ಗಾಳ ಹಾಕಬಾರದು. ಮಂಚನಬೆಲೆಯಲ್ಲಿ ನೀರಿಗಿಳಿದ ಹಲವರು ಮುಳುಗಿ ಸತ್ತಿದ್ದಾರೆ. ದಡದಿಂದ ಎಸೆಯಬೇಕೇ ಹೊರತು ಸಿಕ್ಕಿಕೊಂಡ ಗಾಳ ಬಿಡಿಸಲೆಂದೂ ಇಳಿಯಕೂಡದು.

ಮುಂಗಾರಿನ ಮಳೆಗೆ ಕೊರವ ಕಳೆಯ ನಡುವೆ ಜಾಗ ಬಿಡಿಸಿಕೊಂಡು ತೇಲುವ ಮೊಟ್ಟೆ ಇಡುತ್ತದೆ. ಮರಿಗಳು ಕೆಂಪು–ಕಿತ್ತಳೆ ಬಣ್ಣದ ಗುಂಪಾಗಿ ಮೇಲ್ಮೈಯಲ್ಲಿ ಸುಳಿಯುವಾಗ ತಾಯಿ–ತಂದೆ ಕೆಳಗೆ ಕಾವಲಿರುತ್ತವೆ. ಗುಂಪಿನ ಹತ್ತಿರ ಬಿದ್ದ ಯಾವುದಕ್ಕೂ ಅವು ಎರಗುವುದರಿಂದ ಹಿಡಿಯುವುದು ಬಲು ಸುಲಭ. ಕಾವಲು ತಪ್ಪಿದರೆ ಮರಿಗಳನ್ನು ಉಳಿದ ಮೀನುಗಳು ತಿಂದು ಮುಗಿಸುತ್ತವೆ. ಕಿತ್ತಳೆ ಗುಂಪು ಕಂಡಲ್ಲಿ ದಾರ ಸುತ್ತಿಕೊಂಡು ಬೇರೆ ದಡಕ್ಕೆ ಹೋಗಿ.