ಹೆಣ್ಣುದನಿ, ಗಂಡುವಾದ್ಯ: ದೇಹ ಹೇಳುವುದೆಷ್ಟು, ರೂಢಿ ಹೇಳುವುದೆಷ್ಟು?

ಹದಿನೈದರ ಹುಡುಗಿಯೊಬ್ಬಳನ್ನು ತಾಯಿ ನನ್ನ ಬಳಿ ಕರೆತಂದಿದ್ದರು. ರೋಗವೇನೂ ಇರಲಿಲ್ಲ. ಸಂಗೀತ ತರಗತಿಯ ಉಳಿದ ಹುಡುಗಿಯರು ಹಾಡುವ ಐದು ಮನೆ ಶ್ರುತಿಯಲ್ಲಿ ಅವಳ ಕಂಠ ತಾರಸ್ಥಾಯಿಗೆ ಏರುತ್ತಿರಲಿಲ್ಲ. ದನಿಯನ್ನು 'ಹೆಣ್ಣಿನದಾಗಿಸಲು' ಔಷಧವಿದೆಯೇ ಎಂದು ಆಕೆ ಕೇಳಿದರು. ಅಂದಿನ ಉತ್ತರವನ್ನು ಇಲ್ಲಿ ತುಸು ವಿಸ್ತರಿಸಿದ್ದೇನೆ.

ಹರೆಯದಲ್ಲಿ ಹುಡುಗರ ಧ್ವನಿಪೆಟ್ಟಿಗೆ ಹೆಚ್ಚು ಬೆಳೆದು, ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ಮಾತನಾಡುವಾಗ ಅವು ಸೆಕೆಂಡಿಗೆ ಗಂಡಸರಲ್ಲಿ ಸುಮಾರು 120 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ ಕಂಪಿಸುತ್ತವೆ. ಇವು ಸರಾಸರಿಗಳು ಮಾತ್ರ. ತಗ್ಗುದನಿಯ ಹೆಣ್ಣೂ ಏರುದನಿಯ ಗಂಡೂ ಆರೋಗ್ಯವಂತರೇ. ಸರಾಸರಿಯನ್ನು ಕಟ್ಟಳೆಯಾಗಿಸುವುದು ದೇಹವಲ್ಲ, ಸಮಾಜ.

ಇದಕ್ಕೆ ನಮ್ಮ ನಾಡಿನ ದೊಡ್ಡ ನಿದರ್ಶನ ಗಂಗೂಬಾಯಿ ಹಾನಗಲ್ (1913–2009). ಆರಂಭದಲ್ಲಿ ಅವರದು ತೆಳುವಾದ ಏರುಕಂಠ. ಗಂಟಲಿನ ಬೇನೆ ಮತ್ತು ಚಿಕಿತ್ಸೆಯ ಬಳಿಕ ದನಿ ಗಂಡುದನಿಯೆನ್ನುವಷ್ಟು ತಗ್ಗಿತು. ಕಿರಾಣಾ ಘರಾಣೆಯ ಸವಾಯಿ ಗಂಧರ್ವರ ಈ ಶಿಷ್ಯೆ ಹಾಡು ನಿಲ್ಲಿಸಲಿಲ್ಲ. ಠುಮ್ರಿ, ಭಜನೆಗಳನ್ನು ಬದಿಗಿರಿಸಿ ಖಯಾಲಿಗೆ ಒಲಿದರು. ಮಗಳು ಕೃಷ್ಣಾ ಸಹಗಾಯನದಲ್ಲಿ ಜೊತೆಯಾದರು. ಕೊರತೆಯೆನಿಸಬಹುದಾಗಿದ್ದ ಆ ಘನಕಂಠವೇ ಅವರ ಗುರುತಾಯಿತು. 2002ರಲ್ಲಿ ಪದ್ಮವಿಭೂಷಣ ಸಂದಿತು.

ವಾದ್ಯಗಳ ವಿಷಯದಲ್ಲಿ ದೇಹದ ನೆಪ ಇನ್ನೂ ದುರ್ಬಲ. ವೀಣೆ ಹೆಣ್ಣಿಗೆ ಒಪ್ಪುವುದು, ಲಯವಾದ್ಯ ಗಂಡಿಗೆ ಎಂಬುದು ಹಳೆಯ ರೂಢಿ. ಘಟ ಹೆಣ್ಣಿನ ಬೆರಳಿಗೆ ಕಠಿಣವೆಂಬ ಆಕ್ಷೇಪವನ್ನು ಸುಕನ್ಯಾ ರಾಮಗೋಪಾಲ್ ಚೆನ್ನೈಯಲ್ಲಿ ಕಲಿಯುವಾಗಲೇ ಎದುರಿಸಿದರು. ಗುರು ಹರಿಹರ ಶರ್ಮರು ಕಲಿಸಿದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಅವರು 1995ರಲ್ಲಿ ಮಹಿಳೆಯರದೇ ವಾದ್ಯವೃಂದ 'ಸ್ತ್ರೀ ತಾಳ್ ತರಂಗ್' ಕಟ್ಟಿದರು. ಸತತ ಅಭ್ಯಾಸದಿಂದ ಬೆರಳಿನ ಚರ್ಮ ದಪ್ಪಗಟ್ಟುವ ಕ್ರಿಯೆಗೆ ಹೆಣ್ಣು ಗಂಡೆಂಬ ಭೇದವಿಲ್ಲ.

ಹೊರದೇಶದಲ್ಲಿ ಮಕ್ಕಳನ್ನು ಸಂಗೀತಕ್ಕೆ ಸೇರಿಸುವಾಗ ಈ ರೂಢಿಯನ್ನೂ ನಾವು ಅರಿವಿಲ್ಲದೆ ಹೊತ್ತು ತಂದಿರುತ್ತೇವೆ. ವೈದ್ಯನಾಗಿ ನನ್ನ ಎಚ್ಚರಿಕೆ ಇಷ್ಟೇ: ಒಗ್ಗದ ಶ್ರುತಿಯಲ್ಲಿ ಬಲವಂತವಾಗಿ ಹಾಡಿಸಿದರೆ ಧ್ವನಿತಂತುಗಳ ಮೇಲೆ ಗಂಟುಗಳು ಮೂಡಬಹುದು. ಮೂರು ವಾರ ಮೀರಿದ ಗೊಗ್ಗರುದನಿಯನ್ನು ಗಂಟಲುತಜ್ಞರಿಗೆ ತೋರಿಸಬೇಕು. ಹುಟ್ಟಿನಿಂದ ಬಂದ ತಗ್ಗುದನಿಗೆ ಚಿಕಿತ್ಸೆ ಬೇಕಿಲ್ಲ.

ಆ ಹುಡುಗಿಗೆ ನಾನು ಔಷಧ ಬರೆಯಲಿಲ್ಲ. ತಂಬೂರಿಯ ಶ್ರುತಿಯನ್ನು ಇಳಿಸಿಕೊಳ್ಳಲು ಹೇಳಿದೆ.